ಸ್ವಲೀನತೆ ಹಾಗೂ ಎ.ಡಿ.ಎಚ್.ಡಿ. ಇರುವ ಮಕ್ಕಳ ಪೋಷಕರ ಗಮನಕ್ಕೆ

ಸ್ವಲೀನತೆ (ಆಟಿಸಂ) ಹಾಗೂ ಗಮನ ಕೊರತೆ ಮತ್ತು ಅತಿ ಚಟುವಟಿಕೆಯ ಸ್ಥಿತಿ (ಎ.ಡಿ.ಎಚ್.ಡಿ.) ಇವೆರಡೂ ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದವುಗಳಾಗಿದ್ದು, ಬಾಲ್ಯದಲ್ಲಿಯೇ ಕಾಣಿಸಿಕೊಳ್ಳುತ್ತವೆ. ಇವು ಅಂಟುರೋಗಗಳಲ್ಲ. ಮಗುವಿನ ಹಠದಿಂದಾಗಲೀ ಪಾಲನೆಯ ಲೋಪದಿಂದಾಗಲೀ ಉಂಟಾಗುವಂಥವೂ ಅಲ್ಲ. ಇಂತಹ ಮಗುವಿರುವ ಕುಟುಂಬವು ಮನೆಯಲ್ಲಿ ಏನು ಮಾಡಬಹುದು, ಯಾವ ಸೌಲಭ್ಯಕ್ಕೆ ಎಲ್ಲಿ ಅರ್ಜಿ ಸಲ್ಲಿಸಬೇಕು ಎಂಬ ವಿವರಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ನೀಡಲಾಗಿದೆ.

ಪ್ರಾರಂಭದಲ್ಲಿಯೇ ಒಂದು ಅಂಶವನ್ನು ಸ್ಪಷ್ಟಪಡಿಸುವುದು ಅಗತ್ಯ. ಅಂಗವಿಕಲತೆಯ ಪ್ರಮಾಣಪತ್ರ ಕೈಸೇರಿದ ನಂತರವೇ ಮಗುವಿನ ತರಬೇತಿ ಆರಂಭವಾಗಬೇಕೆಂದು ಅನೇಕ ಪೋಷಕರು ತಿಳಿದಿರುತ್ತಾರೆ. ಇದು ತಪ್ಪು ತಿಳಿವಳಿಕೆ. ಪ್ರಮಾಣಪತ್ರವು ಸೌಲಭ್ಯ ಪಡೆಯಲು ಬೇಕಾದ ದಾಖಲೆಯೇ ಹೊರತು ಚಿಕಿತ್ಸೆಗೆ ಅನುಮತಿ ಪತ್ರವಲ್ಲ. ವಾಕ್ ತರಬೇತಿ, ವರ್ತನಾ ತರಬೇತಿ ಮತ್ತು ಮನೆಯ ದಿನಚರಿಯ ಬದಲಾವಣೆಗಳನ್ನು ಸಂದೇಹ ಬಂದ ದಿನದಿಂದಲೇ ಪ್ರಾರಂಭಿಸಬಹುದು. ಎರಡು ಮೂರು ವರ್ಷದ ಮಗುವಿಗೆ ಆರು ತಿಂಗಳು ಎಂಬುದು ಅಲ್ಪ ಕಾಲವಲ್ಲ.

ಎರಡೂ ಒಟ್ಟಿಗೆ ಇದ್ದಾಗ

ಸ್ವಲೀನತೆ ಇರುವ ಮಗುವಿಗೆ ಇತರರೊಡನೆ ಮಾತು, ನೋಟ ಮತ್ತು ಸನ್ನೆಗಳ ಮೂಲಕ ಬೆರೆಯುವುದು ಕಷ್ಟವಾಗುತ್ತದೆ. ಒಂದೇ ಬಗೆಯ ಆಟ, ಚಲನೆ ಅಥವಾ ಕ್ರಮವನ್ನು ಮಗು ಮತ್ತೆ ಮತ್ತೆ ಬಯಸುತ್ತದೆ. ಶಬ್ದ, ಬೆಳಕು, ಸ್ಪರ್ಶ, ರುಚಿಗಳು ಅದಕ್ಕೆ ಅತಿಯಾಗಿ ಅಥವಾ ತೀರ ಕಡಿಮೆಯಾಗಿ ತಟ್ಟುತ್ತವೆ. ಎ.ಡಿ.ಎಚ್.ಡಿ. ಇರುವ ಮಗುವಿಗೆ ಒಂದು ಕೆಲಸದಲ್ಲಿ ಗಮನ ನಿಲ್ಲಿಸುವುದು, ತನ್ನ ಸರದಿಗಾಗಿ ಕಾಯುವುದು ಮತ್ತು ಕುಳಿತಲ್ಲಿ ಕುಳಿತಿರುವುದು ಕಷ್ಟ. ಇದರಲ್ಲಿ ಚಡಪಡಿಕೆ ಇಲ್ಲದೆ ಗಮನದ ಕೊರತೆ ಮಾತ್ರ ಇರುವ ಮಕ್ಕಳೂ ಇದ್ದಾರೆ. ತರಗತಿಯಲ್ಲಿ ಸದ್ದಿಲ್ಲದೆ ಕನಸು ಕಾಣುತ್ತ ಕುಳಿತಿರುವ ಹೆಣ್ಣುಮಕ್ಕಳು ಯಾರ ಗಮನಕ್ಕೂ ಬಾರದೆ ಉಳಿಯುವುದು ಇದರಿಂದಲೇ.

ಇವೆರಡೂ ಒಂದೇ ಮಗುವಿನಲ್ಲಿ ಇರಬಹುದು. ಅಮೆರಿಕದ ಮನೋವೈದ್ಯಕೀಯ ಸಂಘದ ಕೈಪಿಡಿಯು 2013ಕ್ಕೆ ಮುಂಚೆ ಒಂದೇ ಮಗುವಿಗೆ ಎರಡನ್ನೂ ಗುರುತಿಸಲು ಅವಕಾಶ ನೀಡಿರಲಿಲ್ಲ. ಆ ವರ್ಷ ಪ್ರಕಟವಾದ ಐದನೆಯ ಆವೃತ್ತಿಯಲ್ಲಿ ಈ ನಿರ್ಬಂಧವನ್ನು ತೆಗೆದುಹಾಕಲಾಯಿತು. ಆದುದರಿಂದ ಹಳೆಯ ವೈದ್ಯಕೀಯ ವರದಿಯಲ್ಲಿ ಒಂದೇ ಹೆಸರು ಇದ್ದ ಮಾತ್ರಕ್ಕೆ ಇನ್ನೊಂದು ಇಲ್ಲವೆಂದು ಭಾವಿಸಬೇಕಾಗಿಲ್ಲ; ಮರುಪರೀಕ್ಷೆಗೆ ಕೋರಬಹುದು.

ಎರಡೂ ಇರುವ ಮಗುವಿನ ವರ್ತನೆ ಮನೆಯವರಿಗೆ ಒಗಟಿನಂತೆ ತೋರುತ್ತದೆ. ಬಾಗಿಲ ಬಳಿ ಬಿಟ್ಟ ಚಪ್ಪಲಿಗಳನ್ನು ಸಾಲಾಗಿ ಜೋಡಿಸದೆ ಒಳಗೆ ಬಾರದ ಮಗು, ಊಟದ ತಟ್ಟೆಯ ಮುಂದೆ ಎರಡು ನಿಮಿಷ ಕೂರುವುದಿಲ್ಲ. ಶಾಲೆಗೆ ಹೋಗುವ ದಾರಿ ಬದಲಾದರೆ ಅಳುತ್ತದೆ. ಅದೇ ಮಗು ಹೊಸ ಆಟಿಕೆಯನ್ನು ಐದು ನಿಮಿಷದಲ್ಲಿ ಬಿಸುಡುತ್ತದೆ. ಒಂದು ಸ್ಥಿತಿಯು ಎಲ್ಲವೂ ನಿನ್ನೆಯಂತೆಯೇ ಇರಲೆಂದು ಬೇಡುತ್ತದೆ, ಮತ್ತೊಂದು ಹೊಸತನ್ನು ಬೇಡುತ್ತದೆ. ಮಗು ಬೇಕೆಂದೇ ಹೀಗೆ ಮಾಡುತ್ತಿಲ್ಲವೆಂಬುದನ್ನು ಮನೆಯ ಹಿರಿಯರೂ ಅರಿತರೆ ಅರ್ಧ ಜಗಳ ತಪ್ಪುತ್ತದೆ.

ಕಾರಣಗಳ ಬಗ್ಗೆ ಇರುವ ತಪ್ಪು ಕಲ್ಪನೆಗಳು

ತಾಯಿಯ ಮಮತೆ ಸಾಲದ್ದರಿಂದ ಸ್ವಲೀನತೆ ಬರುತ್ತದೆಂಬ ವಾದವೊಂದು ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ವೈದ್ಯ ವಲಯದಲ್ಲಿಯೂ ಪ್ರಚಲಿತವಿತ್ತು. ಅದು ಸಂಪೂರ್ಣ ತಿರಸ್ಕೃತವಾಗಿದೆ. ಲಸಿಕೆಯಿಂದ ಸ್ವಲೀನತೆ ಉಂಟಾಗುತ್ತದೆಂದು ಸೂಚಿಸಿ 1998ರಲ್ಲಿ ಬ್ರಿಟನ್ನಿನ ವೈದ್ಯಕೀಯ ನಿಯತಕಾಲಿಕವೊಂದರಲ್ಲಿ ಬಂದ ಲೇಖನವನ್ನು 2010ರಲ್ಲಿ ಆ ನಿಯತಕಾಲಿಕವೇ ಹಿಂತೆಗೆದುಕೊಂಡಿದೆ. ಆದುದರಿಂದ ಮಗುವಿನ ಲಸಿಕೆಗಳನ್ನು ಯಾವ ಕಾರಣಕ್ಕೂ ತಪ್ಪಿಸಬಾರದು. ಮೊಬೈಲ್ ವೀಕ್ಷಣೆಯಿಂದ ಸ್ವಲೀನತೆ ಹುಟ್ಟುವುದಿಲ್ಲ. ಆದರೆ ದಿನವಿಡೀ ಮೊಬೈಲ್ ಹಿಡಿದಿರುವ ಮಗುವಿಗೆ ಮನುಷ್ಯರೊಡನೆ ಆಡುವ ಸಮಯ ಉಳಿಯುವುದಿಲ್ಲವಾದ್ದರಿಂದ ಅದನ್ನು ಮಿತಗೊಳಿಸುವುದು ಸೂಕ್ತ.

ಎರಡೂ ಸ್ಥಿತಿಗಳಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು. ಸ್ವಲೀನತೆ ಇರುವ ಮಗುವಿನ ತಮ್ಮ ತಂಗಿಯರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಇದು ಕಂಡುಬರುವುದಾಗಿ ಅಧ್ಯಯನಗಳು ತಿಳಿಸಿವೆ. ಹಿರಿಯ ಮಗುವಿಗೆ ಸ್ವಲೀನತೆ ಇರುವ ಮನೆಯಲ್ಲಿ ಎರಡನೆಯ ಮಗುವಿನ ಬೆಳವಣಿಗೆಯನ್ನು ಮೊದಲ ವರ್ಷದಿಂದಲೇ ಗಮನಿಸುತ್ತಿರಬೇಕು.

ಯಾವಾಗ, ಎಲ್ಲಿ ತೋರಿಸಬೇಕು

ಒಂದು ವರ್ಷವಾದರೂ ಹೆಸರು ಕರೆದಾಗ ತಿರುಗಿ ನೋಡದಿರುವುದು, ಬೇಕಾದ ವಸ್ತುವಿನತ್ತ ಬೆರಳು ತೋರಿಸದಿರುವುದು, ಒಂದೂವರೆ ವರ್ಷವಾದರೂ ಅರ್ಥವುಳ್ಳ ಪದಗಳು ಬಾರದಿರುವುದು, ಬಂದ ಮಾತು ನಿಂತುಹೋಗುವುದು, ಇವುಗಳಲ್ಲಿ ಯಾವುದೇ ಕಂಡುಬಂದಲ್ಲಿ ಮಗುವನ್ನು ಪರೀಕ್ಷೆಗೆ ಒಳಪಡಿಸಬೇಕು. "ಇವನ ಅಪ್ಪನೂ ಮಾತಾಡಿದ್ದು ನಾಲ್ಕು ವರ್ಷಕ್ಕೆ" ಎಂದು ಸಮಾಧಾನ ಹೇಳುವ ಹಿರಿಯರು ಪ್ರತಿ ಮನೆಯಲ್ಲಿಯೂ ಇರುತ್ತಾರೆ. ಅವರ ಮಾತು ಕೆಲವೊಮ್ಮೆ ನಿಜವೂ ಆಗಿರುತ್ತದೆ. ಆದರೆ ಅದು ಕಾಯುವುದಕ್ಕೆ ಕಾರಣವಲ್ಲ. ಹರಕೆ, ದೃಷ್ಟಿ, ತಾಯತಗಳು ಕುಟುಂಬದ ನಂಬಿಕೆಗೆ ಸೇರಿದವು. ಅವುಗಳ ಜೊತೆಯಲ್ಲಿಯೇ ಪರೀಕ್ಷೆಯೂ ನಡೆಯಲಿ.

ಮೊದಲು ಮಾಡಿಸಬೇಕಾದದ್ದು ಶ್ರವಣ ಪರೀಕ್ಷೆ. ಕಿವಿ ಕೇಳಿಸದ ಮಗುವೂ ಕರೆದರೆ ತಿರುಗುವುದಿಲ್ಲ. 2013ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ ಸಂಚಾರಿ ಆರೋಗ್ಯ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ ಮತ್ತು ಸರ್ಕಾರಿ ಶಾಲೆಗಳಿಗೆ ಒಂದು ಬಾರಿ ಭೇಟಿ ನೀಡಿ ಮಕ್ಕಳನ್ನು ತಪಾಸಣೆ ಮಾಡುತ್ತವೆ. ಈ ತಂಡದ ವೈದ್ಯರಿಗೆ ಪೋಷಕರು ತಮ್ಮ ಸಂದೇಹವನ್ನು ನೇರವಾಗಿ ತಿಳಿಸಬಹುದು. ಹೆಚ್ಚಿನ ಪರೀಕ್ಷೆ ಬೇಕಾದ ಮಕ್ಕಳನ್ನು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸಲಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗದಲ್ಲಿ ಹಾಗೂ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಪರೀಕ್ಷೆ ಮತ್ತು ತರಬೇತಿ ಲಭ್ಯವಿದೆ. ದೂರದ ಊರಿನವರು ಪ್ರತಿ ವಾರ ಅಲ್ಲಿಗೆ ಬರುವುದು ಸಾಧ್ಯವಿಲ್ಲ. ಆದುದರಿಂದ ಒಮ್ಮೆ ಬಂದಾಗ ಮನೆಯಲ್ಲಿ ಮಾಡಿಸಬೇಕಾದ ಅಭ್ಯಾಸಗಳನ್ನು ತರಬೇತುದಾರರಿಂದ ಕಲಿತು, ಬರೆಸಿಕೊಂಡು ಹೋಗುವುದು ಉತ್ತಮ. ವಾರಕ್ಕೆ ಒಂದು ಗಂಟೆ ತರಬೇತುದಾರರ ಬಳಿ ಇರುವ ಮಗು ಉಳಿದ ಸಮಯವನ್ನೆಲ್ಲ ಮನೆಯವರೊಡನೆಯೇ ಕಳೆಯುತ್ತದೆ.

ಮನೆಯ ದಿನಚರಿ

ಎಳೆಯ ಮಕ್ಕಳಿಗೆ ಸಂಬಂಧಿಸಿದಂತೆ ಮನೆಯವರು ಕಲಿಯುವ ಕ್ರಮವೇ ಮುಖ್ಯ ಚಿಕಿತ್ಸೆ. ಇದಕ್ಕೆ ದುಬಾರಿ ಸಲಕರಣೆಗಳು ಬೇಕಿಲ್ಲ. ದಿನದ ಕೆಲಸಗಳನ್ನು ಚಿತ್ರಗಳಲ್ಲಿ ಬರೆದು (ಹಲ್ಲುಜ್ಜುವುದು, ಸ್ನಾನ, ತಿಂಡಿ, ಶಾಲೆ, ಆಟ, ಊಟ, ನಿದ್ರೆ) ಮಗುವಿನ ಕಣ್ಣಿನ ಎತ್ತರಕ್ಕೆ ಗೋಡೆಯ ಮೇಲೆ ಅಂಟಿಸತಕ್ಕದ್ದು. ಒಂದು ಕೆಲಸ ಮುಗಿದೊಡನೆ ಮಗುವೇ ಆ ಚಿತ್ರವನ್ನು ತೆಗೆಯಲಿ ಅಥವಾ ತಿರುಗಿಸಿಡಲಿ. ಮುಂದೇನು ಎಂಬುದು ಕಣ್ಣಿಗೆ ಕಂಡರೆ ಸ್ವಲೀನತೆಯ ಆತಂಕ ಕಡಿಮೆಯಾಗುತ್ತದೆ. ಕೆಲಸಗಳು ಚಿಕ್ಕ ಚಿಕ್ಕ ತುಂಡುಗಳಾಗಿರುವುದರಿಂದ ಚಂಚಲ ಗಮನಕ್ಕೂ ಅನುಕೂಲ. ಎರಡೂ ಸ್ಥಿತಿಗಳಿಗೆ ಒಟ್ಟಿಗೆ ನೆರವಾಗುವ ಉಪಾಯಗಳು ಹೆಚ್ಚಿಲ್ಲ. ಇದು ಅವುಗಳಲ್ಲಿ ಒಂದು.

ಸೂಚನೆಗಳು ಚಿಕ್ಕದಾಗಿರಬೇಕು. "ಎದ್ದು ಮುಖ ತೊಳೆದು ಬಟ್ಟೆ ಹಾಕಿಕೊಂಡು ಬೇಗ ಬಾ" ಎಂಬ ಒಂದೇ ವಾಕ್ಯದಲ್ಲಿ ನಾಲ್ಕು ಕೆಲಸಗಳಿವೆ. ಮಗು ಮೊದಲನೆಯದನ್ನೋ ಕೊನೆಯದನ್ನೋ ಮಾತ್ರ ಹಿಡಿದುಕೊಂಡಿರುತ್ತದೆ. ಹತ್ತಿರ ಹೋಗಿ, ಹೆಸರು ಹಿಡಿದು ಕರೆದು, ಒಂದು ಕೆಲಸ ಹೇಳಿ, ಅದು ಮುಗಿದ ಮೇಲೆ ಮುಂದಿನದನ್ನು ಹೇಳಬೇಕು. ಅಡುಗೆಮನೆಯಿಂದ ಕೂಗಿ ಹೇಳಿದ್ದು ಮಗುವಿನ ಪಾಲಿಗೆ ಹೇಳದಂತೆಯೇ. ಸರಿಯಾಗಿ ಮಾಡಿದ ಕೂಡಲೇ ಮೆಚ್ಚುಗೆ ದೊರೆಯಬೇಕು. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದರೆ ಸೈಕಲ್ ಕೊಡಿಸುವ ಭರವಸೆಯು ಎ.ಡಿ.ಎಚ್.ಡಿ. ಇರುವ ಮಗುವಿಗೆ ಬಹಳ ದೂರದ ಮಾತು.

ಶಬ್ದದ ವಿಷಯಕ್ಕೆ ವಿಶೇಷ ಗಮನ ಬೇಕು. ಕುಕ್ಕರ್ ಕೂಗು, ಮಿಕ್ಸಿಯ ಸದ್ದು, ಮದುವೆಮನೆಯ ವಾಲಗ, ಗಣೇಶನ ಮೆರವಣಿಗೆಯ ಧ್ವನಿವರ್ಧಕ, ದೀಪಾವಳಿಯ ಪಟಾಕಿ, ಇವು ಕೆಲವು ಮಕ್ಕಳಿಗೆ ನೋವನ್ನೇ ಉಂಟುಮಾಡುತ್ತವೆ. ಮಿಕ್ಸಿ ಹಾಕುವ ಮುನ್ನ ತಿಳಿಸಿ ಮಗುವನ್ನು ಬೇರೆ ಕೋಣೆಗೆ ಕಳುಹಿಸುವುದು, ಸಮಾರಂಭಗಳಿಗೆ ಜನ ಸೇರುವ ಮುನ್ನವೇ ಹೋಗಿ ಬೇಗ ಹಿಂದಿರುಗುವುದು, ಕಿವಿಗೆ ಮುಚ್ಚಿಕೆ ಒದಗಿಸುವುದು ಇವೆಲ್ಲ ಮುದ್ದು ಮಾಡಿದಂತಲ್ಲ. ಜಾತ್ರೆಯ ನಡುವೆ ನೆಲಕ್ಕೆ ಬಿದ್ದು ಹೊರಳಾಡುವ ಮಗು ಬಹುತೇಕ ಸಂದರ್ಭಗಳಲ್ಲಿ ಹಠ ಮಾಡುತ್ತಿರುವುದಿಲ್ಲ. ಹಠ ಮಾಡುವ ಮಗು ಕೇಳಿದ್ದು ಸಿಕ್ಕೊಡನೆ ಸುಮ್ಮನಾಗುತ್ತದೆ. ಸಹಿಸಲಾರದೆ ಕುಸಿದ ಮಗು ಏನು ಕೊಟ್ಟರೂ ಸುಮ್ಮನಾಗದು. ಆಗ ಬೈಯುವುದಾಗಲೀ ಪ್ರಶ್ನಿಸುವುದಾಗಲೀ ಮಾಡದೆ ಸದ್ದಿಲ್ಲದ ಜಾಗಕ್ಕೆ ಕರೆದೊಯ್ದು ಪಕ್ಕದಲ್ಲಿ ಕುಳಿತಿದ್ದರೆ ಸಾಕು.

ಊಟದಲ್ಲಿಯೂ ಇದೇ ಸೂಕ್ಷ್ಮತೆ ಕಾಣುತ್ತದೆ. ಮುದ್ದೆಯನ್ನು ಮುಟ್ಟದ ಮಗು ಅದೇ ರಾಗಿಯ ರೊಟ್ಟಿಯನ್ನು ತಿನ್ನಬಹುದು. ಸಾರನ್ನ ಒಲ್ಲದ ಮಗು ಅನ್ನ ಮತ್ತು ಸಾರನ್ನು ಬೇರೆ ಬೇರೆ ಬಟ್ಟಲಿನಲ್ಲಿ ಕೊಟ್ಟರೆ ಉಣ್ಣಬಹುದು. ಬಲವಂತದ ತುತ್ತು ಊಟದ ಮೇಲೆಯೇ ಹೆದರಿಕೆ ಹುಟ್ಟಿಸುತ್ತದೆ. ನಿದ್ರೆಯ ತೊಂದರೆ ಸಾಮಾನ್ಯವಾಗಿದ್ದು, ಅದರಿಂದ ಇಡೀ ಮನೆ ಬಳಲುತ್ತದೆ. ಇದನ್ನು ವೈದ್ಯರಿಗೆ ಪ್ರತ್ಯೇಕವಾಗಿ ತಿಳಿಸಬೇಕು. ಮೂರ್ಛೆರೋಗವು ಸ್ವಲೀನತೆ ಇರುವವರಲ್ಲಿ ಇತರರಿಗಿಂತ ಹೆಚ್ಚಾಗಿ ಕಂಡುಬರುವುದರಿಂದ, ಮಗು ಆಗಾಗ ಕೆಲವು ಕ್ಷಣ ಶೂನ್ಯವಾಗಿ ನೋಡುತ್ತ ನಿಂತುಬಿಡುವಂತಿದ್ದರೆ ಅದನ್ನೂ ತಿಳಿಸತಕ್ಕದ್ದು.

ಮನೆಯ ಇನ್ನೊಂದು ಮಗುವನ್ನು ಮರೆಯುವಂತಿಲ್ಲ. "ನೀನು ದೊಡ್ಡವಳು, ನೀನೇ ಅರ್ಥ ಮಾಡಿಕೋ" ಎಂಬ ಮಾತನ್ನು ದಿನವೂ ಕೇಳುವ ಅಕ್ಕನಿಗೂ ತಂದೆ ಅಥವಾ ತಾಯಿಯೊಡನೆ ಅವಳದೇ ಆದ ಅರ್ಧ ಗಂಟೆ ಬೇಕು.

ಮನೆಮಾತು

ಮಾತು ತಡವಾದ ಮಗುವಿನೊಡನೆ ಒಂದೇ ಭಾಷೆಯಲ್ಲಿ, ಅದರಲ್ಲಿಯೂ ಶಾಲೆಯ ಭಾಷೆಯಾದ ಇಂಗ್ಲಿಷಿನಲ್ಲಿ ಮಾತನಾಡಬೇಕೆಂಬ ಸಲಹೆಯನ್ನು ಅನೇಕ ಪೋಷಕರು ಕೇಳಿರುತ್ತಾರೆ. ಎರಡು ಭಾಷೆಗಳನ್ನು ಕೇಳುವುದರಿಂದ ಸ್ವಲೀನತೆ ಇರುವ ಮಗುವಿನ ಮಾತು ಇನ್ನಷ್ಟು ತಡವಾಗುವುದೆಂಬುದಕ್ಕೆ ಅಧ್ಯಯನಗಳಲ್ಲಿ ಆಧಾರ ದೊರೆತಿಲ್ಲ. ಕನ್ನಡ, ತುಳು, ಕೊಂಕಣಿ, ಉರ್ದು ಯಾವುದೇ ಇರಲಿ, ಪೋಷಕರು ತಮಗೆ ಸಹಜವಾಗಿ ಬರುವ ಮಾತಿನಲ್ಲಿಯೇ ಮಾತನಾಡುವುದು ಮೇಲು. ಅಜ್ಜಿಯ ಭಾಷೆಯನ್ನು ಮನೆಯಿಂದ ತೆಗೆದುಹಾಕಿದರೆ ಮಗುವಿನೊಡನೆ ಮಾತನಾಡುವವರಲ್ಲಿ ಒಬ್ಬರು ಕಡಿಮೆಯಾದಂತೆ.

ಸುರಕ್ಷತೆ

ಕಣ್ಣು ತಪ್ಪಿಸಿ ಮನೆಯಿಂದ ಹೊರಟುಹೋಗುವುದು ಈ ಮಕ್ಕಳಲ್ಲಿ ಸಾಮಾನ್ಯ. ಹಲವು ಮಕ್ಕಳಿಗೆ ನೀರಿನ ಮೇಲೆ ಅತಿಯಾದ ಆಕರ್ಷಣೆ ಇರುತ್ತದೆ ಮತ್ತು ಹೀಗೆ ಹೋದ ಮಕ್ಕಳಿಗೆ ಒದಗುವ ಅತಿ ದೊಡ್ಡ ಅಪಾಯ ನೀರಿನದೇ. ಮನೆಯ ಸಮೀಪ ತೆರೆದ ಬಾವಿ, ಕೆರೆ, ಕಾಲುವೆ, ಕೃಷಿ ಹೊಂಡ ಅಥವಾ ಮುಚ್ಚಳವಿಲ್ಲದ ಸಂಪು ಇದ್ದಲ್ಲಿ ತಡಮಾಡದೆ ಬೇಲಿ ಅಥವಾ ಮುಚ್ಚಳ ಹಾಕಿಸತಕ್ಕದ್ದು. ಮುಂಬಾಗಿಲಿಗೆ ಮಗುವಿನ ಕೈಗೆಟುಕದ ಎತ್ತರದಲ್ಲಿ ಚಿಲಕವಿರಲಿ. ಮಗುವಿನ ಕೈಪಟ್ಟಿಯಲ್ಲಿ ಅಥವಾ ಅಂಗಿಯ ಒಳಭಾಗದಲ್ಲಿ ಪೋಷಕರ ದೂರವಾಣಿ ಸಂಖ್ಯೆ ಇರಲಿ. ನೆರೆಹೊರೆಯವರಿಗೆ, ಬೀದಿಯ ಅಂಗಡಿಯವರಿಗೆ ಮಗುವಿನ ವಿಷಯ ಮೊದಲೇ ತಿಳಿಸಿರಬೇಕು. ಸಂಕೋಚದಿಂದ ಮುಚ್ಚಿಟ್ಟ ವಿಷಯವು ಮಗು ಕಾಣೆಯಾದ ದಿನ ಹುಡುಕುವವರಿಗೆ ಅಡ್ಡಿಯಾಗುತ್ತದೆ. ಮಗು ಕಾಣದಿದ್ದಲ್ಲಿ ಮೊದಲು ನೀರಿರುವ ಸ್ಥಳಗಳನ್ನು ನೋಡಬೇಕು. ಜೊತೆಯಲ್ಲಿಯೇ 112 ಸಂಖ್ಯೆಗೆ ಕರೆ ಮಾಡಬೇಕು.

ಪೋಷಕರಲ್ಲಿಯೂ ಇದೇ ಲಕ್ಷಣಗಳಿದ್ದಲ್ಲಿ

ಮಗುವಿನ ಪರೀಕ್ಷೆಯ ವೇಳೆ ವೈದ್ಯರು ಕೇಳುವ ಪ್ರಶ್ನೆಗಳನ್ನು ಆಲಿಸುತ್ತಿರುವಾಗ, ಇವು ತಮ್ಮ ಬಾಲ್ಯಕ್ಕೂ ಅನ್ವಯಿಸುತ್ತವೆ ಎಂದು ತಂದೆ ಅಥವಾ ತಾಯಿಗೆ ಅನಿಸುವುದುಂಟು. ವಂಶವಾಹಿಗಳ ಪಾತ್ರವಿರುವುದರಿಂದ ಇದರಲ್ಲಿ ಆಶ್ಚರ್ಯವಿಲ್ಲ. ಶಾಲೆಯಲ್ಲಿ "ಬುದ್ಧಿ ಇದೆ, ಗಮನ ಇಲ್ಲ" ಎನಿಸಿಕೊಂಡವರು, ಕೀಲಿ ಮತ್ತು ಕಾಗದಪತ್ರಗಳನ್ನು ಸದಾ ಕಳೆಯುವವರು, ಜನಸಂದಣಿಯಿಂದ ಮನೆಗೆ ಬಂದೊಡನೆ ಕೋಣೆ ಸೇರುವವರು, ಇಂತಹವರಿಗೆ ಮೂವತ್ತು ನಲವತ್ತರ ವಯಸ್ಸಿನಲ್ಲಿ, ಮಗುವಿನ ಮೂಲಕ, ತಮ್ಮ ವಿಷಯ ತಿಳಿಯುತ್ತದೆ. ವಯಸ್ಕರೂ ಮನೋವೈದ್ಯರಲ್ಲಿ ಪರೀಕ್ಷೆ ಮಾಡಿಸಿಕೊಳ್ಳಬಹುದು.

ಸೇವೆಗಳಿಗೆ ಅರ್ಜಿ ಸಲ್ಲಿಸುವ ಸಂದರ್ಭದಲ್ಲಿ ಇದಕ್ಕೆ ನೇರ ಸಂಬಂಧವಿದೆ. ಪ್ರಮಾಣಪತ್ರದ ನವೀಕರಣ, ವಿಮೆಯ ಕಂತು, ಆಸ್ಪತ್ರೆಯ ಮುಂದಿನ ದಿನಾಂಕ, ಶಾಲೆಗೆ ಸಲ್ಲಿಸಬೇಕಾದ ಮನವಿ, ಇವೆಲ್ಲವೂ ದಿನಾಂಕ ನೆನಪಿಟ್ಟುಕೊಳ್ಳುವ ಕೆಲಸಗಳು; ಎ.ಡಿ.ಎಚ್.ಡಿ. ಇರುವವರಿಗೆ ಅತ್ಯಂತ ಕಠಿಣವಾದದ್ದು ಅದೇ. ಇಂತಹ ಪೋಷಕರಿಂದ ಗಡುವು ತಪ್ಪಿದಾಗ ಅದನ್ನು ಮಗುವಿನ ಬಗೆಗಿನ ಉದಾಸೀನವೆಂದು ಮನೆಯವರೂ, ಕೆಲವೊಮ್ಮೆ ಕಚೇರಿಯವರೂ ಭಾವಿಸುತ್ತಾರೆ. ವಾಸ್ತವವಾಗಿ ರಾತ್ರಿಯಿಡೀ ಮಗುವಿನೊಡನೆ ಎಚ್ಚರವಿದ್ದವರು ಅವರೇ ಆಗಿರುತ್ತಾರೆ.

ಈ ತೊಂದರೆಗೆ ಕೆಲವು ಸರಳ ಏರ್ಪಾಡುಗಳಿವೆ. ಮಗುವಿಗೆ ಸಂಬಂಧಿಸಿದ ಎಲ್ಲಾ ದಾಖಲೆಗಳು ಒಂದೇ ಕಡತದಲ್ಲಿದ್ದು, ಆ ಕಡತಕ್ಕೆ ಮನೆಯಲ್ಲಿ ಒಂದೇ ಸ್ಥಳವಿರಲಿ. ಪ್ರತಿಯೊಂದು ದಾಖಲೆಯ ಐದು ನಕಲುಗಳನ್ನು ಒಮ್ಮೆಗೇ ಮಾಡಿಸಿಟ್ಟರೆ ಕಚೇರಿಯ ಮುಂದೆ ಜೆರಾಕ್ಸ್ ಅಂಗಡಿ ಹುಡುಕುವುದು ತಪ್ಪುತ್ತದೆ. ನವೀಕರಣದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ತಿಂಗಳು ಮುಂಚಿತವಾಗಿಯೇ ಗುರುತಿಸಿಡಬೇಕು. ಕಾಗದಪತ್ರದ ಜವಾಬ್ದಾರಿಯನ್ನು ಪತಿ ಪತ್ನಿಯರಲ್ಲಿ ಯಾರಿಗೆ ಅದು ಸುಲಭವೋ ಅವರು, ಅಥವಾ ಚಿಕ್ಕಪ್ಪ, ಸೋದರತ್ತೆ ಮುಂತಾದವರಲ್ಲಿ ಒಬ್ಬರು ವಹಿಸಿಕೊಳ್ಳಬಹುದು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದು, ಅರ್ಜಿ ತುಂಬುವಲ್ಲಿ ನೆರವು ಕೋರುವುದಕ್ಕೆ ಪೋಷಕರು ಹಿಂಜರಿಯಬೇಕಾಗಿಲ್ಲ; ಅದು ಅವರ ಕರ್ತವ್ಯದ ಭಾಗವೇ ಆಗಿದೆ.

ಪೋಷಕರ ಬಳಲಿಕೆಯನ್ನು ಕುರಿತೂ ಹೇಳಬೇಕಾದದ್ದಿದೆ. ನಿದ್ರೆಯಿಲ್ಲದಿರುವುದು, ಕಾರಣವಿಲ್ಲದೆ ಅಳು ಬರುವುದು, ಮಗುವಿನ ಮೇಲೆ ಕೈಯೆತ್ತುವಷ್ಟು ಸಿಟ್ಟು ಬರುವುದು, ಬದುಕು ಸಾಕೆನಿಸುವುದು, ಇಂತಹ ಸಂದರ್ಭದಲ್ಲಿ ಉಚಿತ ದೂರವಾಣಿ ಸಂಖ್ಯೆ 14416 (ಟೆಲಿ ಮಾನಸ್) ಮೂಲಕ ಹಗಲು ರಾತ್ರಿ ಯಾವ ವೇಳೆಯಲ್ಲಿಯೂ ಕನ್ನಡದಲ್ಲಿ ಆಪ್ತಸಲಹೆ ಪಡೆಯಬಹುದಾಗಿದೆ. ಈ ಸೇವೆ 2022ರ ಅಕ್ಟೋಬರ್ 10ರಂದು ಪ್ರಾರಂಭವಾಯಿತು.

ಪ್ರಮಾಣಪತ್ರ ಮತ್ತು ಗುರುತಿನ ಚೀಟಿ

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016 ದಿನಾಂಕ 19-04-2017ರಿಂದ ಜಾರಿಯಲ್ಲಿದ್ದು, ಅದರ ಅನುಸೂಚಿಯಲ್ಲಿ ಹೆಸರಿಸಲಾದ 21 ಬಗೆಯ ಅಂಗವಿಕಲತೆಗಳಲ್ಲಿ ಸ್ವಲೀನತೆಯೂ ಸೇರಿದೆ. ದಿನಾಂಕ 01-06-2021ರಿಂದ ಪ್ರಮಾಣಪತ್ರಗಳನ್ನು ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್ ಮೂಲಕವೇ ನೀಡಲಾಗುತ್ತಿದೆ. ಮಗುವಿನ ಭಾವಚಿತ್ರ, ಆಧಾರ್ ಮತ್ತು ವಾಸಸ್ಥಳದ ದಾಖಲೆಯೊಂದಿಗೆ ಆನ್‌ಲೈನ್ ಅರ್ಜಿ ಸಲ್ಲಿಸಿ, ನಿಗದಿತ ಆಸ್ಪತ್ರೆಯಲ್ಲಿ ಮಗುವನ್ನು ಪರೀಕ್ಷೆಗೆ ಹಾಜರುಪಡಿಸತಕ್ಕದ್ದು. ಅಂಗವಿಕಲತೆಯ ಪ್ರಮಾಣ ಶೇಕಡ 40 ಅಥವಾ ಅದಕ್ಕಿಂತ ಹೆಚ್ಚಿದ್ದಲ್ಲಿ ಮಾತ್ರ ಹೆಚ್ಚಿನ ಸೌಲಭ್ಯಗಳಿಗೆ ಅರ್ಹತೆ ದೊರೆಯುತ್ತದೆ. ಚಿಕ್ಕ ಮಕ್ಕಳಿಗೆ ನಿರ್ದಿಷ್ಟ ಅವಧಿಯ ತಾತ್ಕಾಲಿಕ ಪ್ರಮಾಣಪತ್ರ ನೀಡಿದ್ದಲ್ಲಿ ಅವಧಿ ಮುಗಿಯುವ ಮುನ್ನ ಮರುಪರೀಕ್ಷೆಗೆ ಅರ್ಜಿ ಸಲ್ಲಿಸಬೇಕು.

ಪರೀಕ್ಷೆಗೆ ಹೋಗುವ ಪೋಷಕರು ಮುಖ್ಯವಾಗಿ ಗಮನಿಸಬೇಕಾದದ್ದು ಮುಂದಿನ ಸಂಗತಿ. ಸ್ವಲೀನತೆಯ ಪ್ರಮಾಣವನ್ನು ಅಳೆಯಲು ಬಳಕೆಯಲ್ಲಿರುವ ಭಾರತೀಯ ಮಾಪಕದಲ್ಲಿ (ಐ.ಎಸ್.ಎ.ಎ.) ಆರು ವಿಭಾಗಗಳಲ್ಲಿ ಒಟ್ಟು 40 ಅಂಶಗಳಿವೆ. ಪ್ರತಿ ಅಂಶಕ್ಕೆ, ಆ ವರ್ತನೆ ಎಷ್ಟು ಸಲ ಕಾಣುತ್ತದೆಂಬುದರ ಮೇಲೆ 1ರಿಂದ 5ರವರೆಗೆ ಅಂಕ ನೀಡಲಾಗುತ್ತದೆ. ಮಗುವನ್ನು ಗಮನಿಸಿ ಮತ್ತು ಪೋಷಕರನ್ನು ಪ್ರಶ್ನಿಸಿ ಈ ಅಂಕಗಳನ್ನು ನಿರ್ಧರಿಸುವುದರಿಂದ ಪೋಷಕರ ಉತ್ತರಕ್ಕೆ ತೂಕವಿದೆ. ಆದರೆ ನಡೆಯುವುದೇ ಬೇರೆ. ಅಪರಿಚಿತರ ಮುಂದೆ ಮಗುವಿನ ಗೌರವ ಕಾಯಬೇಕೆಂಬ ಸಹಜ ಭಾವನೆಯಿಂದ "ಪರವಾಗಿಲ್ಲ ಡಾಕ್ಟ್ರೇ, ಮನೇಲಿ ಚೆನ್ನಾಗಿಯೇ ಇರ್ತಾನೆ" ಎಂದು ತಾಯಂದಿರು ಹೇಳಿಬಿಡುತ್ತಾರೆ. ಕೋಣೆ ಶಾಂತವಾಗಿದ್ದ ಆ ದಿನ ಮಗುವೂ ಸುಮ್ಮನೆ ಕುಳಿತಿರುತ್ತದೆ. ಪ್ರಮಾಣ ಕಡಿಮೆ ಬಂದ ನಂತರ ಮನೆಯಲ್ಲಿ ನಿಜವಾದ ಕಷ್ಟ ಹೊರಬರುತ್ತದೆ.

ಇದನ್ನು ತಪ್ಪಿಸಲು ಪರೀಕ್ಷೆಗೆ ಎರಡು ವಾರ ಮುಂಚಿನಿಂದ ಒಂದು ನೋಟ್ ಪುಸ್ತಕದಲ್ಲಿ ಪ್ರತಿದಿನ ಕೆಲವು ಸಾಲು ಬರೆದಿಡುವುದು ಸೂಕ್ತ. ರಾತ್ರಿ ಎಷ್ಟು ಬಾರಿ ಎದ್ದದ್ದು, ಸ್ನಾನಕ್ಕೆ ಎಷ್ಟು ಹೊತ್ತು ಬೇಕಾದದ್ದು, ಎಷ್ಟು ಬಾರಿ ಹೊಡೆದುಕೊಂಡದ್ದು ಅಥವಾ ಕಚ್ಚಿದ್ದು, ಯಾರ ನೆರವಿಲ್ಲದೆ ಏನು ಮಾಡಿದ್ದು, ಹೀಗೆ. ಶಾಲೆಯ ಶಿಕ್ಷಕರಿಂದ ಒಂದು ಪುಟದ ಟಿಪ್ಪಣಿ, ಮೊಬೈಲಿನಲ್ಲಿ ತೆಗೆದ ಒಂದೆರಡು ಚಿಕ್ಕ ದೃಶ್ಯಗಳು ಇದ್ದರೆ ಇನ್ನೂ ಒಳ್ಳೆಯದು. ಕಷ್ಟವನ್ನು ಹಿಗ್ಗಿಸಿ ಹೇಳಬಾರದು, ಕುಗ್ಗಿಸಿಯೂ ಹೇಳಬಾರದು. ಪ್ರಮಾಣೀಕರಣ ಪ್ರಾಧಿಕಾರದ ತೀರ್ಮಾನ ಒಪ್ಪಿಗೆಯಾಗದಿದ್ದಲ್ಲಿ ಅಧಿನಿಯಮದ ಪ್ರಕರಣ 59ರ ಅಡಿಯಲ್ಲಿ ರಾಜ್ಯ ಸರ್ಕಾರ ನಿಗದಿಪಡಿಸಿದ ಮೇಲ್ಮನವಿ ಪ್ರಾಧಿಕಾರಕ್ಕೆ ಮನವಿ ಸಲ್ಲಿಸಲು ಅವಕಾಶವಿದೆ. ಆಗಲೂ ಈ ಪುಸ್ತಕ ಉಪಯೋಗಕ್ಕೆ ಬರುತ್ತದೆ.

ಎ.ಡಿ.ಎಚ್.ಡಿ. ಮಾತ್ರ ಇರುವ ಮಕ್ಕಳು

ಅಧಿನಿಯಮದ ಅನುಸೂಚಿಯಲ್ಲಿ ಎ.ಡಿ.ಎಚ್.ಡಿ.ಯನ್ನು ಪ್ರತ್ಯೇಕವಾಗಿ ಹೆಸರಿಸಿಲ್ಲ. ಆದುದರಿಂದ ಇದೊಂದೇ ಇದ್ದಲ್ಲಿ ಅಂಗವಿಕಲತೆಯ ಪ್ರಮಾಣಪತ್ರ ದೊರೆಯುವುದಿಲ್ಲ. ಈ ವಿಷಯ ತಿಳಿಯದೆ ಪೋಷಕರು ಕಚೇರಿಯಿಂದ ಕಚೇರಿಗೆ ಅಲೆಯುವುದುಂಟು. ಆದರೆ ಇಂತಹ ಮಕ್ಕಳಲ್ಲಿ ಕೆಲವರಿಗೆ ನಿರ್ದಿಷ್ಟ ಕಲಿಕಾ ನ್ಯೂನತೆಯೂ (ಓದು, ಬರಹ ಅಥವಾ ಲೆಕ್ಕದಲ್ಲಿ ವಿಶೇಷ ತೊಡಕು) ಇರುತ್ತದೆ. ಇದು ಅನುಸೂಚಿಯಲ್ಲಿದೆ. ಎಂಟು ವರ್ಷದ ಆಸುಪಾಸಿನಲ್ಲಿ ಮಗುವಿನ ಓದು ಬರಹ ಸಹಪಾಠಿಗಳಿಗಿಂತ ಬಹಳ ಹಿಂದಿದ್ದಲ್ಲಿ ಇದಕ್ಕಾಗಿ ಪ್ರತ್ಯೇಕ ಪರೀಕ್ಷೆ ಕೋರಬೇಕು.

ಔಷಧಿಯ ಬಗ್ಗೆ ಸಂಕ್ಷಿಪ್ತವಾಗಿ: ಸ್ವಲೀನತೆಯನ್ನು ಹೋಗಲಾಡಿಸುವ ಔಷಧಿ ಯಾವುದೂ ಇಲ್ಲ, ಇದೆಯೆಂದು ಹೇಳುವ ಜಾಹೀರಾತುಗಳನ್ನು ನಂಬಬಾರದು. ಎ.ಡಿ.ಎಚ್.ಡಿ.ಗೆ ಸಾಮಾನ್ಯವಾಗಿ ಆರು ವರ್ಷದ ನಂತರ, ತಜ್ಞ ವೈದ್ಯರ ಸಲಹೆಯಂತೆ ಮಿಥೈಲ್‌ಫೆನಿಡೇಟ್ ಮುಂತಾದ ಔಷಧಿಗಳನ್ನು ನೀಡಲಾಗುತ್ತದೆ. ಹಸಿವು ಮತ್ತು ನಿದ್ರೆ ಕಡಿಮೆಯಾಗಬಹುದಾದ್ದರಿಂದ ಮಗುವಿನ ತೂಕ ಮತ್ತು ಎತ್ತರವನ್ನು ಆಗಾಗ ಪರೀಕ್ಷಿಸಬೇಕು. ಇದು ನಿಯಂತ್ರಿತ ಔಷಧಿಯಾಗಿದ್ದು ಎಲ್ಲಾ ಅಂಗಡಿಗಳಲ್ಲಿ ದೊರೆಯುವುದಿಲ್ಲ. ಮುಗಿಯುವ ಒಂದು ವಾರ ಮೊದಲೇ ಏರ್ಪಾಡು ಮಾಡಿಕೊಳ್ಳತಕ್ಕದ್ದು.

ಶಾಲೆ

ಅಂಗವಿಕಲತೆಯ ಕಾರಣದಿಂದ ಪ್ರವೇಶ ನಿರಾಕರಿಸುವಂತಿಲ್ಲ. ಶೇಕಡ 40 ಮತ್ತು ಅದಕ್ಕಿಂತ ಹೆಚ್ಚಿನ ಅಂಗವಿಕಲತೆಯುಳ್ಳ 6ರಿಂದ 18 ವರ್ಷದ ಮಗುವಿಗೆ ನೆರೆಹೊರೆಯ ಶಾಲೆಯಲ್ಲಿ ಅಥವಾ ಇಚ್ಛಿಸಿದಲ್ಲಿ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ (ಪ್ರಕರಣ 31). ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯುವವರ ನೆರವು, ದ್ವಿತೀಯ ಮತ್ತು ತೃತೀಯ ಭಾಷೆಯಿಂದ ವಿನಾಯಿತಿ ಮುಂತಾದ ಮಾರ್ಪಾಡುಗಳಿಗೆ ಪ್ರಕರಣ 17 ಅವಕಾಶ ಕಲ್ಪಿಸಿದೆ. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಈ ರಿಯಾಯಿತಿ ಬೇಕಾದವರು ಶೈಕ್ಷಣಿಕ ವರ್ಷದ ಆರಂಭದಲ್ಲಿಯೇ ಮುಖ್ಯೋಪಾಧ್ಯಾಯರ ಮೂಲಕ ಮನವಿ ಸಲ್ಲಿಸುವುದು ಕ್ಷೇಮ; ಪ್ರವೇಶಪತ್ರ ಬಂದ ನಂತರ ಓಡಾಡಿದರೆ ಪ್ರಯೋಜನವಾಗದು. ಶಿಕ್ಷಣ ಹಕ್ಕು ಅಧಿನಿಯಮ, 2009 ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಇದು ಎಲ್ಲಾ ಮಕ್ಕಳಿಗೂ ಅನ್ವಯ.

ಆದರೆ ತರಗತಿಯಲ್ಲಿ ಹೆಚ್ಚು ಉಪಯೋಗವಾಗುವ ಏರ್ಪಾಡುಗಳಿಗೆ ಯಾವ ಪ್ರಮಾಣಪತ್ರವೂ ಬೇಕಿಲ್ಲ. ಮುಂದಿನ ಸಾಲಿನಲ್ಲಿ, ಕಿಟಕಿಯಿಂದ ದೂರ ಕೂರಿಸುವುದು, ನಡುನಡುವೆ ಕಪ್ಪುಹಲಗೆ ಒರೆಸಲು ಅಥವಾ ಹಾಜರಿ ಪುಸ್ತಕ ತಲುಪಿಸಲು ಕಳುಹಿಸಿ ಎದ್ದು ಓಡಾಡಲು ಅವಕಾಶ ಕೊಡುವುದು, ಹತ್ತು ಲೆಕ್ಕಗಳ ಬದಲು ಐದನ್ನು ಕೊಟ್ಟು ಸರಿಯಾಗಿ ಮಾಡಿಸುವುದು, ಗಂಟೆ ಬಾರಿಸುವ ಮುನ್ನ ತಿಳಿಸುವುದು, ಇವುಗಳಿಗೆ ಬೇಕಾದದ್ದು ಶಿಕ್ಷಕರ ಒಪ್ಪಿಗೆ ಮಾತ್ರ. ಪೋಷಕರು ದೂರಿನೊಂದಿಗೆ ಹೋಗುವುದಕ್ಕಿಂತ ಇಂತಹ ಎರಡು ಮೂರು ನಿರ್ದಿಷ್ಟ ಕೋರಿಕೆಗಳೊಂದಿಗೆ ಹೋದಾಗ ಶಿಕ್ಷಕರು ಬೇಗ ಒಪ್ಪುತ್ತಾರೆ.

ಆರೋಗ್ಯ ವಿಮೆ ಮತ್ತು ಹದಿನೆಂಟು ವರ್ಷದ ನಂತರ

ರಾಷ್ಟ್ರೀಯ ನ್ಯಾಸ ಅಧಿನಿಯಮ, 1999 ಸ್ವಲೀನತೆ, ಮೆದುಳಿನ ಪಾರ್ಶ್ವವಾಯು, ಬೌದ್ಧಿಕ ಅಂಗವಿಕಲತೆ ಮತ್ತು ಬಹುವಿಧ ಅಂಗವಿಕಲತೆ ಇರುವವರಿಗೆ ಅನ್ವಯಿಸುತ್ತದೆ. ಇದರಡಿಯ ನಿರಾಮಯ ಯೋಜನೆಯಲ್ಲಿ ವರ್ಷಕ್ಕೆ ರೂ. 1 ಲಕ್ಷದವರೆಗೆ ಆರೋಗ್ಯ ವಿಮೆ ಇದ್ದು, ತರಬೇತಿಯ ವೆಚ್ಚಕ್ಕೂ ನಿಗದಿತ ಮಿತಿಯಲ್ಲಿ ಪರಿಹಾರ ದೊರೆಯುತ್ತದೆ. ಸೇರ್ಪಡೆಗೆ ಪೂರ್ವಭಾವಿ ವೈದ್ಯಕೀಯ ತಪಾಸಣೆ ಇಲ್ಲ. ಪ್ರತಿವರ್ಷ ನವೀಕರಿಸತಕ್ಕದ್ದು.

ಮಗುವಿಗೆ 18 ವರ್ಷ ತುಂಬಿದ ದಿನ ಕಾನೂನಿನ ದೃಷ್ಟಿಯಲ್ಲಿ ಅವರು ವಯಸ್ಕರು. ಬ್ಯಾಂಕ್ ಖಾತೆ, ಆಸ್ತಿ ಮುಂತಾದ ವಿಷಯಗಳಲ್ಲಿ ಅವರ ಪರವಾಗಿ ಸಹಿ ಮಾಡುವ ಅಧಿಕಾರ ಅಂದಿನಿಂದ ತಂದೆ ತಾಯಿಗೂ ತಾನಾಗಿ ಉಳಿಯುವುದಿಲ್ಲ. ತಾವೇ ನಿರ್ಧಾರ ಕೈಗೊಳ್ಳಬಲ್ಲವರಿಗೆ ಪಾಲಕರ ಅಗತ್ಯವಿಲ್ಲ ಮತ್ತು ಸ್ವಲೀನತೆ ಇರುವ ಅನೇಕರು ಅಂತಹವರೇ. ಅಗತ್ಯವಿದ್ದಲ್ಲಿ ಮಾತ್ರ, ಸದರಿ ಅಧಿನಿಯಮದ ಪ್ರಕರಣ 14ರಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ಕಾನೂನುಬದ್ಧ ಪಾಲಕರ ನೇಮಕಕ್ಕೆ ಅರ್ಜಿ ಸಲ್ಲಿಸಬಹುದು. ಪೋಷಕರ ಕಾಲಾನಂತರ ಯಾರು ಎಂಬ ಪ್ರಶ್ನೆಗೂ ಉತ್ತರ ಈ ಸಮಿತಿಯ ಮುಂದೆಯೇ ದೊರೆಯುವುದರಿಂದ, ಮಗುವಿನ ಸೋದರ ಸೋದರಿಯರ ಅಭಿಪ್ರಾಯವನ್ನು ಮುಂಚಿತವಾಗಿ ಕೇಳಿ ತಿಳಿದಿರುವುದು ಒಳ್ಳೆಯದು. ಅವರು ಒಪ್ಪುತ್ತಾರೆಂದು ಪೋಷಕರು ಭಾವಿಸಿರುತ್ತಾರೆ, ಕೇಳಿರುವುದಿಲ್ಲ.

ಮಾಸಿಕ ಪೋಷಣಾ ವೇತನಕ್ಕಾಗಿ ನಾಡಕಚೇರಿಯಲ್ಲಿಯೂ, ಇತರ ಯೋಜನೆಗಳಿಗಾಗಿ ಆಯಾ ಜಿಲ್ಲೆಯ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿಯೂ ವಿಚಾರಿಸಬಹುದು. ಹಕ್ಕುಗಳ ಉಲ್ಲಂಘನೆಯಾದಲ್ಲಿ ಅಧಿನಿಯಮದಡಿ ನೇಮಕಗೊಂಡ ರಾಜ್ಯ ಆಯುಕ್ತರಿಗೆ ಲಿಖಿತ ದೂರು ಸಲ್ಲಿಸಬಹುದಾಗಿದೆ. ಕಚೇರಿಗೆ ಬರುವಾಗ ಮಗುವನ್ನು ಕರೆತರುವುದು ಕಡ್ಡಾಯವೇ ಎಂಬುದನ್ನು ದೂರವಾಣಿಯಲ್ಲಿ ಮೊದಲೇ ಕೇಳಿ ತಿಳಿದುಕೊಳ್ಳುವುದು. ಹೆಚ್ಚಿನ ಅರ್ಜಿಗಳಿಗೆ ದಾಖಲೆಗಳಷ್ಟೇ ಸಾಕಾಗುತ್ತವೆ.